ಸುಮ್ಮನಾಗಿದೆ

ರಬ್ಬರ್ ಮಗುವಿನ ಎಡಗೈ ಆ ದಿನವೂ ಕಳಚಿ ಬಂತು. ಹೊಸ ಬ್ಯಾಚಿನ ಇಪ್ಪತ್ತೆರಡು ಹೆಂಗಸರು ಒಟ್ಟಿಗೇ ‘ಅಯ್ಯೋ’ ಅಂದರು. ಮರುಕ್ಷಣ ಅದು ಗೊಂಬೆ ಎಂಬುದು ನೆನಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಟ್ರೈನರ್ ಮೇಡಂ ನಗಲಿಲ್ಲ. ಹನ್ನೊಂದು ವರ್ಷದಿಂದ ಈ ಗೊಂಬೆಯನ್ನು ಬಟ್ಟೆಯಲ್ಲಿ ಸುತ್ತಿ, ಬಿಚ್ಚಿ, ಎದೆಗೊತ್ತಿಕೊಂಡು, ತೊಡೆಯ ಮೇಲೆ ಮಲಗಿಸಿ ಪಾಠ ಹೇಳಿದವಳು ಆಕೆ. ಕೈಯನ್ನು ಭುಜದ ಕುಳಿಗೆ ಒತ್ತಿ ಅರ್ಧ ಸುತ್ತು ತಿರುಗಿಸಿದರೆ ಟಕ್ಕೆಂದು ಕೂರುತ್ತದೆ ಎಂದು ಆಕೆಗೆ ಗೊತ್ತು. ಇವತ್ತು ಮೂರು ಸಲ ಒತ್ತಿದರೂ ಕೂರಲಿಲ್ಲ. ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿ, ಕೈಯನ್ನು ಪಕ್ಕದಲ್ಲಿಟ್ಟು, ಕೈ ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ ಅಂದಳು. ಅದಕ್ಕೂ ನಕ್ಕರು. ಹೊಸಬರು ಮೊದಲ ವಾರ ಯಾವುದಕ್ಕಾದರೂ ನಗುತ್ತಾರೆ.

ಮೂರು ಗಂಟೆಗೆ ಸಾಹೇಬರು ಬರುವವರಿದ್ದರು. ಸಾಹೇಬರು ಅಂದರೆ ಮೇಲಿನ ಅಧಿಕಾರಿ, ಆಕೆಗಿಂತ ಇಪ್ಪತ್ತೈದು ವರ್ಷ ಚಿಕ್ಕವರು, ಮರ್ಯಾದಸ್ಥರು, ಬೈಯುವಾಗಲೂ ‘ದಯವಿಟ್ಟು’ ಸೇರಿಸುವವರು. ಅವರು ತರುವುದು ಒಂದೇ ಒಂದು ಹಾಳೆ. ನಿನ್ನೆಯೇ ಫೋನಿನಲ್ಲಿ ಓದಿ ಹೇಳಿದ್ದರು: ಕಾಲುವೆಯಾಚೆಯ ಓಣಿಗಳ ಆರೋಗ್ಯ ಕಾರ್ಯಕರ್ತೆಗೆ ಎಳೆಗೂಸಿನ ಅಪಾಯದ ಚಿಹ್ನೆಗಳ ಬಗ್ಗೆ ಪೂರ್ಣ ತರಬೇತಿ ಕೊಡಲಾಗಿತ್ತು, ಆದಾಗ್ಯೂ ಸದರಿ ಕಾರ್ಯಕರ್ತೆಯು ಮಗುವಿನ ಸ್ಥಿತಿಯನ್ನು ಮೇಲಿನವರ ಗಮನಕ್ಕೆ ತಂದಿರುವುದಿಲ್ಲ. ಕೆಳಗೆ, ತರಬೇತಿ ಕೊಟ್ಟವರ ಸಹಿ. ಆ ಸಹಿ ಬಿದ್ದರೆ ಆ ಕಾರ್ಯಕರ್ತೆಯ, ಯಾಕಮ್ಮನ, ಕೆಲಸ ಹೋಯಿತು. ಕೆಲಸವಾದರೂ ಹೋಗಲಿ, ಒಂಬತ್ತು ದಿನದ ಮಗುವನ್ನು ಕೈಯಾರೆ ಸಾವಿಗೆ ಬಿಟ್ಟುಕೊಟ್ಟವಳು ಎಂದು ಅದೇ ಓಣಿಯಲ್ಲಿ, ಅದೇ ನಲ್ಲಿಯ ಮುಂದೆ, ಬದುಕಿರುವತನಕ ಅನ್ನಿಸಿಕೊಳ್ಳಬೇಕು. ತಂದಿರುವುದಿಲ್ಲ. ಆ ಒಂದು ಮಾತನ್ನು ಮೇಡಂ ನಿನ್ನೆಯಿಂದ ಮತ್ತೆ ಮತ್ತೆ ಅಂದುಕೊಳ್ಳುತ್ತಿದ್ದಾಳೆ. ತಂದಿದ್ದಳು. ಹೋದ ತಿಂಗಳು ಒಂದು ಮಂಗಳವಾರ, ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ, ಔಷಧಿ ಗೋದಾಮಿನ ಮೇಲಿನ ಈ ಉದ್ದ ಕೋಣೆಯಲ್ಲೇ ಇದ್ದ ಮೇಡಂ ಫೋನಿಗೇ ಕರೆ ಮಾಡಿ ತಂದಿದ್ದಳು. ಆದರೆ ಯಾಕಮ್ಮ ಅದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ವಿಚಾರಣೆಗೆ ಬಂದವರು ಕೇಳಿದ್ದು ಮನೆಭೇಟಿಯ ಪುಸ್ತಕದಲ್ಲಿ ಬರೆದಿದ್ದೀಯಾ ಎಂದು ಮಾತ್ರ. ಅವಳು ಇಲ್ಲ ಅಂದಿದ್ದಳು, ಅವರು ಹಾಗೇ ಬರೆದುಕೊಂಡಿದ್ದರು.

ಯಾಕಮ್ಮ ಅವಳ ಹೆಸರಲ್ಲ. ಅವಳು ಕಲಿತ ಬ್ಯಾಚಿನವರು ಎರಡೇ ದಿನದಲ್ಲಿ ಇಟ್ಟ ಅಡ್ಡಹೆಸರು. ಮಗು ಹುಟ್ಟಿದ ಕೂಡಲೇ ಸ್ನಾನ ಮಾಡಿಸಬೇಡಿ ಅಂದರೆ ಯಾಕೆ. ತೂಕದ ಜೋಲಿಯನ್ನು ಮೊದಲು ಖಾಲಿಯಾಗಿ ತೂಗಿ ನೋಡಿ ಅಂದರೆ ಯಾಕೆ. ಯಾರ ಮನೆಗೆ ಹೋದರೂ ನಿಂತು ಮಾತಾಡಬೇಡಿ, ಕೂತು ಮಾತಾಡಿ ಅಂದರೆ ಅದಕ್ಕೂ ಯಾಕೆ. ಇಟ್ಟಿಗೆ ಹೊತ್ತು ಹೆಗಲು ಜಡ್ಡುಗಟ್ಟಿದ, ಎರಡು ಮಕ್ಕಳ ತಾಯಿ; ಪೆನ್ನನ್ನು ಸೌಟಿನ ಹಾಗೆ ಮುಷ್ಟಿಯಲ್ಲಿ ಹಿಡಿದು ಬರೆಯುತ್ತಿದ್ದಳು. ಮೊದಮೊದಲು ಮೇಡಂಗೆ ಖುಷಿಯೇ ಆಗಿತ್ತು, ಗಿಳಿಪಾಠ ಒಪ್ಪಿಸುವವರ ನಡುವೆ ಒಬ್ಬಳಾದರೂ ತಲೆ ಓಡಿಸುತ್ತಾಳಲ್ಲ ಎಂದು. ನಾಲ್ಕನೆಯ ದಿನ ಮೇಲಿನವರೊಬ್ಬರು ಬಂದು ಹಿಂದಿನ ಕುರ್ಚಿಯಲ್ಲಿ ಕೂತು ಪಾಠ ನೋಡುತ್ತಿದ್ದರು. ಅಪಾಯದ ಚಿಹ್ನೆಗಳ ಪಾಠ. ಪುಸ್ತಕದಲ್ಲಿ ‘ಚಟುವಟಿಕೆ ಕುಂಠಿತಗೊಂಡಿರುವುದು’ ಎಂದಿದೆ. ಅದು ಯಾರ ನಾಲಿಗೆಗೂ ಹತ್ತುವುದಿಲ್ಲವೆಂದು ಮೇಡಂ ವರ್ಷಗಳ ಹಿಂದೆಯೇ ಒಂದು ಸುಲಭದ ಮಾತು ಹುಡುಕಿಟ್ಟಿದ್ದಳು. ಮಂಕು. ಮಗು ಮಂಕಾಗಿದೆ. ಆ ಮಾತಿನ ಬಗ್ಗೆ ಆಕೆಗೆ ಒಳಗೊಳಗೇ ಹೆಮ್ಮೆ. ಯಾಕಮ್ಮ ಕೈ ಎತ್ತಿದಳು.

‘ನಮ್ಮಲ್ಲಿ ದಡ್ಡರನ್ನ ಮಂಕು ಅಂತೀವಿ ಮೇಡಂ. ವಾರದ ಕೂಸು ದಡ್ಡೋ ಜಾಣೋ ಅಂತ ಹೇಗೆ ಗೊತ್ತಾಗುತ್ತೆ?’

ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಹಿಂದಿನ ಕುರ್ಚಿಯವರೂ ನಕ್ಕರು, ನಕ್ಕು ಏನೋ ಬರೆದುಕೊಂಡರು. ಏನು ಬರೆದರೋ ಎಂದು ಮೇಡಂಗೆ ಮೈ ಉರಿದುಹೋಯಿತು. ಎಲ್ಲದಕ್ಕೂ ಯಾಕೆ ಯಾಕೆ ಅಂತ ಕೇಳ್ತಾ ಕೂತರೆ ಅಷ್ಟರಲ್ಲಿ ಮಗು ಸತ್ತೇ ಹೋಗುತ್ತೆ ಕಣಮ್ಮ, ಹೇಳಿದಷ್ಟು ಮಾಡೋದು ಕಲಿ ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾಕಮ್ಮ ಕೂತಳು. ಕೂರುವಾಗ ಪಕ್ಕದವಳ ಕಡೆ ನೋಡಿ ಒಂದು ನಗು ನಕ್ಕಳು, ನಾಲ್ಕು ಜನರ ಮುಂದೆ ಜಾರಿ ಬಿದ್ದವರು ಎದ್ದು ನಗುತ್ತಾರಲ್ಲ, ಹಾಗೆ. ಆಮೇಲೆ ತರಬೇತಿ ಮುಗಿಯುವತನಕ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಕೊನೆಯ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಬಂತು. ‘ಮೊದಲಿಗಿಂತ ತುಂಬಾ ಸುಧಾರಿಸಿದ್ದಾರೆ’ ಎಂದು ಮೇಡಂ ವರದಿಯಲ್ಲಿ ಬರೆದಿದ್ದಳು.

ಈಗ ಹೊಸಬರು ಇಬ್ಬಿಬ್ಬರಾಗಿ ಕೂತು ಒಬ್ಬರ ಉಸಿರನ್ನು ಇನ್ನೊಬ್ಬರು ಎಣಿಸುತ್ತಿದ್ದರು. ಒಂದು ನಿಮಿಷ ಪೂರ್ತಿ ಎಣಿಸಬೇಕು, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಕಳ್ಳಾಟ ಬೇಡ. ಮೇಡಂ ಕೈಗಡಿಯಾರ ನೋಡಿಕೊಂಡು ಸಾಲುಗಳ ನಡುವೆ ನಡೆಯುತ್ತಾ ಹಿಂದಿನ ಗೋಡೆಯ ತನಕ ಹೋದಳು, ಹೋಗಬಾರದು ಅಂದುಕೊಂಡೇ ಹೋದಳು. ಅಲ್ಲಿ ಫೋಟೋ ಇದೆ. ಆ ಮಂಗಳವಾರ ತರಬೇತಿ ನೋಡಲು ದೂರದಿಂದ ಬಂದಿದ್ದ ಅತಿಥಿಗಳು ತೆಗೆಸಿ, ಕಟ್ಟು ಹಾಕಿಸಿ ಕಳಿಸಿದ್ದು. ನಡುವೆ ಮೇಡಂ ನಗುತ್ತಾ ನಿಂತಿದ್ದಾಳೆ. ಎಡತೋಳಿನಲ್ಲಿ ರಬ್ಬರ್ ಮಗು, ಬಲಗೈಯಲ್ಲಿ ಫೋನು. ಫೋನಿನ ಪರದೆ ಇನ್ನೂ ಬೆಳಗುತ್ತಿದೆ. ಕ್ಯಾಮೆರಾದವನು ‘ಇಲ್ಲಿ ನೋಡಿ’ ಅನ್ನುವಾಗಲೇ ಅದು ಬಡಿದುಕೊಂಡಿತ್ತು, ಒಂದೇ ನಿಮಿಷ ಎಂದು ಬೆರಳೆತ್ತಿ ಆಕೆ ಮಾತಾಡಿದ್ದಳು. ಮೂರು ದಿನದಿಂದ ಒಂದೇ ಸಮನೆ ಅಳ್ತಿತ್ತು ಮೇಡಂ, ಈಗ ಸುಮ್ಮನಾಗಿದೆ, ಅಂದಿತ್ತು ಯಾಕಮ್ಮನ ದನಿ. ಸುಮ್ಮನಾಯ್ತಲ್ಲ, ಒಳ್ಳೇದಾಯ್ತು, ಬೆಚ್ಚಗೆ ಇಡೋಕೆ ಹೇಳು, ನಾಳೆ ಹೋಗಿ ನೋಡು ಅಂದಿದ್ದಳು ಆಕೆ. ಆಮೇಲೆ ಆ ಕಡೆಯಿಂದ ಒಂದು ಉಸಿರು ಕೇಳಿತ್ತು. ಎರಡು ಸೆಕೆಂಡು, ಹೆಚ್ಚೆಂದರೆ ಮೂರು. ಆ ಉಸಿರು ಏನು ಕೇಳಲು ಹೊರಟಿತ್ತು ಎಂದು ಮೇಡಂಗೆ ಆಗಲೇ ಗೊತ್ತಿತ್ತು. ಇಡೀ ಬ್ಯಾಚಿಗೇ ಗೊತ್ತಿದ್ದ ಪ್ರಶ್ನೆ ಅದು. ಪ್ರಶ್ನೆ ಬರಲಿಲ್ಲ. ‘ಆಯ್ತು ಮೇಡಂ’ ಎಂದು ಬಂತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅನ್ನುತ್ತಾರೆ; ಆಕೆಯ ಹುಣ್ಣಿಗೆ ಕಟ್ಟು ಹಾಕಿಸಿದ ಕನ್ನಡಿಯೇ ಗೋಡೆಯ ಮೇಲಿತ್ತು. ಒಂದು ತಿಂಗಳಿಂದ ದಿನವೂ ಎಲ್ಲರೂ ನೋಡುತ್ತಿದ್ದರು, ಚೆನ್ನಾಗಿ ಬಂದಿದೆ ಅನ್ನುತ್ತಿದ್ದರು.

ಸುಮ್ಮನೆ ಎಂಬ ಮಾತನ್ನು ಆಕೆ ತಿಂಗಳಿಂದ ಕಲ್ಲು ಆರಿಸುವ ಹಾಗೆ ಆರಿಸುತ್ತಿದ್ದಾಳೆ. ಏನು ಬಂದೆ, ಸುಮ್ಮನೆ ಬಂದೆ. ಯಾಕೆ ಅತ್ತೆ, ಸುಮ್ಮನೆ ಅತ್ತೆ. ಸುಮ್ಮನಿರೇ ಎಂದು ಅಮ್ಮ ಗದರಿದ್ದು, ಸುಮ್ಮನಿದ್ದರೆ ಚೆಂದ ಎಂದು ಅತ್ತೆ ಹೇಳಿದ್ದು, ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ದೊಡ್ಡ ಡಾಕ್ಟರ ತಪ್ಪು ಕಣ್ಣಿಗೆ ಬಿದ್ದರೂ ಸುಮ್ಮನಿದ್ದದ್ದು. ಹುಟ್ಟಿದಂದಿನಿಂದ ಒಳ್ಳೆಯದೆಂದೇ ಕೇಳಿಕೊಂಡು ಬಂದ ಮಾತು ಫೋನಿನಲ್ಲಿ ಬಂದಾಗ ಕಿವಿ ಅದನ್ನು ಒಳ್ಳೆಯದೆಂದೇ ಒಳಗೆ ಬಿಟ್ಟುಕೊಂಡಿತು. ಹಾಗೆಂದು ಒಂದು ದಿನ ಸಮಾಧಾನ ಮಾಡಿಕೊಂಡಳು, ಮರುದಿನ ಆ ಸಮಾಧಾನದ ಮೇಲೇ ಅಸಹ್ಯವಾಯಿತು. ಮೂವತ್ತು ವರ್ಷ ಹಸುಗೂಸುಗಳನ್ನು ಎತ್ತಿದವಳಿಗೆ ಅಳುವ ಮಗುವಿಗಿಂತ ಅಳು ನಿಲ್ಲಿಸಿದ ಮಗುವಿಗೆ ಹೆದರಬೇಕೆಂದು ಗೊತ್ತಿರಲಿಲ್ಲವೇ? ಕ್ಯಾಮೆರಾ ಕಾಯುತ್ತಿತ್ತು. ಇರುವುದು ಅಷ್ಟೇ. ಮಗು ತೀರಿಹೋದ ಒಂದು ವಾರಕ್ಕೆ ಆ ಮನೆಗೂ ಹೋಗಿದ್ದಳು, ಕೈಯಲ್ಲಿ ಭರ್ತಿ ಮಾಡುವ ಒಂದು ನಮೂನೆ ಹಿಡಿದುಕೊಂಡು, ಬರಿಗೈಲಿ ಹೋಗಲು ಧೈರ್ಯ ಸಾಲದೆ. ತಗಡಿನ ಗೋಡೆ, ಹೊಸ್ತಿಲಲ್ಲಿ ಒಗೆದ ಪುಟ್ಟ ಬಟ್ಟೆಗಳ ಬಕೆಟ್ಟು. ತಾಯಿ ಇನ್ನೂ ಹುಡುಗಿ. ಅವಳು ಬೈದಿದ್ದರೆ ಮೇಡಂ ಬದುಕಿಕೊಳ್ಳುತ್ತಿದ್ದಳೇನೋ. ಆ ಹುಡುಗಿ ಮೆಲ್ಲಗೆ, ಲೆಕ್ಕ ಒಪ್ಪಿಸುವವಳ ಹಾಗೆ, ಮೂರು ರಾತ್ರಿ ನಿದ್ದೆ ಇರಲಿಲ್ಲ, ಒಂದು ಸಲ ಸುಮ್ಮನಾಗಪ್ಪ ಅಂತ ನಾನೇ ಬೇಡಿಕೊಂಡಿದ್ದೆ, ಸುಮ್ಮನಾದ ಮೇಲೆ ನಾನೂ ಮಲಗಿಬಿಟ್ಟೆ, ಅಂದಳು. ಮೇಡಂ ನಮೂನೆಯಲ್ಲಿ ತಾಯಿಯ ವಯಸ್ಸು ಬರೆದುಕೊಂಡು ಎದ್ದು ಬಂದಳು.

ಬೆಳಿಗ್ಗೆ ಗಂಡನಿಗೆ ಎಲ್ಲವನ್ನೂ ಹೇಳಿದ್ದಳು. ನಲವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಮನುಷ್ಯ. ಮನೆಯಲ್ಲೂ ಪ್ರತಿ ಮಾತನ್ನು ‘ರೈಟ್’ ಎಂದು ಮುಗಿಸುತ್ತಾನೆ, ಮುಂದಿನ ಸ್ಟಾಪಿಗೆ ಹೊರಡುವವನ ಹಾಗೆ. ಶೂ ಒರೆಸುತ್ತಾ ಕೇಳಿಸಿಕೊಂಡ. ನೀನು ಹೇಳಿದರೆ ಮಗು ಎದ್ದು ಬರುತ್ತಾ ಎಂದು ಕೇಳಿದ. ಇಲ್ಲ ಅಂದಳು. ಇನ್ನು ಎಂಟು ತಿಂಗಳಿಗೆ ರಿಟೈರ್ ಆಗುವವಳು ತಲೆ ಕೊಟ್ಟುಕೊಂಡರೆ ಯಾರಿಗೆ ಲಾಭ ಎಂದು ಕೇಳಿದ. ಯಾಕಮ್ಮನಿಗೆ ಅಂದಳು. ಅವನು ಇನ್ನೊಂದು ಶೂ ಎತ್ತಿಕೊಂಡ. ಅವನೂ ಒಳ್ಳೆಯವನೇ, ಆದರೆ ಒಳ್ಳೆಯತನಕ್ಕೂ ಒಂದು ಹೊತ್ತು ಗೊತ್ತು ಅಂತ ಇರುತ್ತದೆ, ತಿಂಡಿಯ ಹೊತ್ತಿನಲ್ಲಿ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕೋದು ಇವತ್ತು ನಿನ್ನೆಯದಲ್ಲ ಮಾರಾಯ್ತಿ, ಎಮ್ಮೆಗೂ ಅದು ಅಭ್ಯಾಸ ಆಗಿರುತ್ತೆ, ರೈಟ್, ಅಂದ. ಆಕೆ ಬಾಗಿಲು ಎಳೆದುಕೊಂಡು ಹೊರಟಾಗ ಮನಸ್ಸಿನಲ್ಲಿ ಒಂದೇ ಗಟ್ಟಿ ಮಾಡಿಕೊಂಡಿದ್ದಳು: ಸಹಿ ಹಾಕುವುದಿಲ್ಲ. ಅವಳು ನನಗೆ ಫೋನ್ ಮಾಡಿದ್ದಳು ಎಂದು ಕಡ್ಡಿ ಮುರಿದ ಹಾಗೆ ಹೇಳುತ್ತೇನೆ. ನಾಲ್ಕು ಪದ. ಬಸ್ಸಿನಲ್ಲಿ ಕೂತು ಆ ನಾಲ್ಕನ್ನೂ ಮಕ್ಕಳು ಪದ್ಯ ಒಪ್ಪಿಸುವ ಹಾಗೆ ಒಪ್ಪಿಸಿಕೊಂಡಳು.

ಎರಡೂಮುಕ್ಕಾಲಿಗೆ, ಹೊಸಬರು ಟೀಗೆ ಇಳಿದು ಹೋದ ಮೇಲೆ, ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಈ ಕೋಣೆಗೆ ಚಪ್ಪಲಿ ಬಿಟ್ಟು ಬರುತ್ತಿದ್ದವಳು ಅವಳೊಬ್ಬಳೇ. ಬೇಡವೆಂದರೂ ನೆಲ ಸ್ವಚ್ಛವಾಗಿದೆಯಲ್ಲ ಅನ್ನುತ್ತಿದ್ದಳು. ಯಾಕಮ್ಮ ಚೀಲ ಒಪ್ಪಿಸಲು ಬಂದಿದ್ದಳು. ಸಾಹೇಬರ ಕಚೇರಿಯವರು ಇವತ್ತೇ ತಂದು ಕೊಡಬೇಕು ಅಂದಿದ್ದರಂತೆ. ಮೇಡಂ ಕೂತುಕೋ ಅಂದಳು. ಅವಳು ಕೂರಲಿಲ್ಲ, ಮೇಜಿನ ಮೇಲೆ, ಗೊಂಬೆಯ ಪಕ್ಕದಲ್ಲಿ, ಒಂದೊಂದಾಗಿ ಸಾಮಾನು ತೆಗೆದಿಟ್ಟಳು. ತೂಕದ ಮಾಪಕ. ಅದರ ಜೋಲಿ, ಒಗೆದು ಮಡಚಿದ್ದು. ಥರ್ಮಾಮೀಟರು, ಅದರ ಡಬ್ಬಿಯಲ್ಲಿ. ಕಟ್ಟು ಬಟ್ಟೆಯ ಸುರುಳಿ ಬಿಚ್ಚಿರಲಿಲ್ಲ. ಚೀಲದ ಹರಿದ ಹಿಡಿಕೆಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದಳು, ಅದಕ್ಕಾಗಿ ತಪ್ಪು ತಿಳಿಯಬೇಡಿ ಅಂದಳು. ಮೇಡಂ ಪಟ್ಟಿ ನೋಡಿ ಗುರುತು ಹಾಕುತ್ತಾ ಹೋದಳು; ಏನು ಕೇಳುತ್ತಾಳೋ ಎಂದು ತಲೆ ಎತ್ತಲಿಲ್ಲ. ಕೇಳಲಿ, ಬೈಯಲಿ, ನಿಮ್ಮಿಂದ ಹೀಗಾಯಿತು ಅನ್ನಲಿ. ಅಂದರೆ ಹೌದು ಅಂದುಬಿಡುತ್ತೇನೆ, ಸಾಹೇಬರ ಮುಂದೆ ಹೇಳುವುದೂ ಸಲೀಸಾಗುತ್ತದೆ. ಯಾಕಮ್ಮ ಗೊಂಬೆಯನ್ನು ನೋಡಿದಳು. ಬಿದ್ದಿದ್ದ ಕೈಯನ್ನು ಎತ್ತಿ ಕುಳಿಗೊತ್ತಿ ಅರ್ಧ ಸುತ್ತು ತಿರುಗಿಸಿದಳು. ಟಕ್ಕೆಂದು ಕೂತಿತು.

‘ಮೇಡಂ, ಒಂದು ಕೇಳಲಾ?’

‘ಕೇಳು.’

‘ನಾನು ಸುಮ್ಮನಾಗಿದೆ ಅಂದೆ. ಯಾವ ಮಾತು ಹೇಳಿದ್ರೆ ನಿಮಗೆ ಗೊತ್ತಾಗ್ತಿತ್ತು?’

ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಎಂದು ಮೇಡಂ ಆಮೇಲೆ ಎಷ್ಟೋ ಸಲ ಅಂದುಕೊಂಡಳು. ತಿಂಗಳಿಡೀ ಯಾಕಮ್ಮ ಮನೆಯಲ್ಲಿ ಕೂತು ತನ್ನ ಮಾತಿನಲ್ಲೇ ತಪ್ಪು ಹುಡುಕಿದ್ದಳು, ಸಿಕ್ಕಿರಲಿಲ್ಲ, ಗೊತ್ತಿರುವವರನ್ನು ಕೇಳಲು ಬಂದಿದ್ದಳು, ಅಷ್ಟೇ. ಆ ಹೊತ್ತಿಗೆ ಆಡಬೇಕಾದ ಮಾತುಗಳು ಒಂದು ರಾಶಿ ಇದ್ದವು. ನಿನ್ನ ಮಾತು ಸರಿಯಾಗೇ ಇತ್ತಮ್ಮ, ನನ್ನ ಕಿವಿ ಸರಿಯಿರಲಿಲ್ಲ. ಹಾಲು ಕುಡಿಯುತ್ತಿದೆಯಾ ಎಂದು ನಾನು ಕೇಳಬೇಕಿತ್ತು. ಅದು ನನ್ನ ಕೆಲಸ, ನಿನ್ನದಲ್ಲ. ಒಂದೂ ಬರಲಿಲ್ಲ. ಪಾಠ ಹೇಳಿ ಹೇಳಿ ಸವೆದ ನಾಲಿಗೆ; ಪ್ರಶ್ನೆ ಬಿದ್ದ ಕೂಡಲೇ ತನ್ನಷ್ಟಕ್ಕೆ ತಿರುಗಿತು.

‘ಮಂಕಾಗಿದೆ ಅನ್ನಬೇಕಿತ್ತು.’

‘ಮಂಕಾಗಿದೆ,’ ಅಂದಳು ಯಾಕಮ್ಮ. ತರಗತಿಯಲ್ಲಿ ಅನ್ನುತ್ತಿದ್ದ ಹಾಗೇ, ಮೆಲ್ಲಗೆ, ಬಾಯಿಪಾಠಕ್ಕೆಂದು ಇನ್ನೊಂದು ಸಲ ಅಂದಳು. ತಲೆಯಾಡಿಸಿದಳು. ಅವಳ ಮುಖದಲ್ಲಿ ಒಂದು ರೀತಿಯ ನಿರಾಳ ಬಂದದ್ದನ್ನು ಮೇಡಂ ಕಣ್ಣಾರೆ ಕಂಡಳು, ತಪ್ಪು ಎಲ್ಲಿತ್ತೆಂದು ಕೊನೆಗೂ ಗೊತ್ತಾದವರ ನಿರಾಳ. ಅಂದು ಕೇಳಿದ್ದೆನಲ್ಲ ಆ ಮಾತನ್ನ, ತಲೆಗೆ ಹತ್ತಿರಲಿಲ್ಲ, ಅಂದಳು. ಪಟ್ಟಿಯ ಕೆಳಗೆ ಸಹಿ ಹಾಕಿ, ಪೆನ್ನನ್ನು ಒರೆಸಿ ಕೊಟ್ಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು. ಮೇಡಂ ಕರೆಯಬೇಕೆಂದು ಎದ್ದಳು. ಕರೆಯಲು ಬಾಯಿ ತೆರೆದಾಗ ಅವಳ ನಿಜವಾದ ಹೆಸರು ನೆನಪಿಗೆ ಬರಲಿಲ್ಲ. ಯಾಕಮ್ಮಾ ಎಂದು ಮೆಟ್ಟಿಲ ಮೇಲೆ ಕೂಗುವುದು ಹೇಗೆ? ಪಟ್ಟಿ ನೋಡಿ ಹೆಸರು ಓದಿಕೊಳ್ಳುವಷ್ಟರಲ್ಲಿ ಕೆಳಗಿನ ಗೇಟು ಹಾಕಿದ ಸದ್ದಾಯಿತು.

ಸಾಹೇಬರು ಸರಿಯಾಗಿ ಮೂರಕ್ಕೆ ಬಂದರು. ಗೊಂಬೆಯನ್ನು ಪಕ್ಕಕ್ಕೆ ಸರಿಸಿ ಹಾಳೆ ಹರಡಿ, ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿ, ಫ್ಯಾನಿನ ಗಾಳಿಗೆ ಹಾರದಿರಲೆಂದು ಅಂಚಿನ ಮೇಲೆ ಥರ್ಮಾಮೀಟರಿನ ಡಬ್ಬಿ ಇಟ್ಟರು. ಮೇಡಂ ಪೆನ್ನು ತೆಗೆದುಕೊಳ್ಳಲಿಲ್ಲ.

‘ಅವಳು ನನಗೆ ಫೋನ್ ಮಾಡಿದ್ದಳು.’

ಮೂರನೆಯ ಪದದಲ್ಲೇ ದನಿ ಬಿದ್ದುಹೋಗಿತ್ತು, ಆದರೂ ಹೇಳಿದಳು. ಹೇಳಿದ ಮೇಲೆ ಏನೋ ಆಗುತ್ತದೆಂದು ಕಾದಳು. ಸಾಹೇಬರು ಬೆಚ್ಚಿಬೀಳಲಿಲ್ಲ. ಬೆಳಕಿಗೆ ಕಣ್ಣು ಕಿರಿದು ಮಾಡಿ, ಬಹಳ ಮೆತ್ತಗೆ ಮಾತಾಡಿದರು. ಅವರಿಗೆ ಗೊತ್ತಿತ್ತು. ಯಾಕಮ್ಮನ ಫೋನಿನ ವಿವರ ಮೊದಲ ವಾರವೇ ತರಿಸಿದ್ದರು. ಇಪ್ಪತ್ತಮೂರು ಸೆಕೆಂಡಿನ ಕರೆ, ಯಾವ ನಂಬರಿಗೆ ಎಂದೂ ನೋಡಿದ್ದರು. ನೋಡಿಯೇ ಈ ಹಾಳೆ ಬರೆಸಿದ್ದರು. ಫೋನ್ ಬಂದಿತ್ತು ಎಂದು ಬರೆದರೆ ಮೇಡಂ ಒಬ್ಬರ ಮಾತಲ್ಲ, ಮೇಡಂ ಕೈಯಲ್ಲಿ ಕಲಿತ ನಾನೂರು ಜನರ ಕಾಗದಪತ್ರ ಹೊರಗೆ ಬರುತ್ತದೆ, ಈ ತರಬೇತಿಯೇ ನಿಲ್ಲುತ್ತದೆ, ಕಾಲುವೆಯಾಚೆಗೆ ಇನ್ನೆರಡು ವರ್ಷ ಯಾರೂ ಹೋಗುವುದಿಲ್ಲ. ಹೀಗೆ ಬರೆದರೆ ಒಬ್ಬರಲ್ಲೇ ಮುಗಿಯುತ್ತದೆ. ಅವಳಿಗೆ ಅನ್ಯಾಯವಾಗುತ್ತದೆ, ಇಲ್ಲ ಅನ್ನುವುದಿಲ್ಲ ಎಂದೂ ಅವರೇ ಹೇಳಿದರು. ಸುಳ್ಳು ಹೇಳುವವನಾದರೂ ಆಗಿದ್ದರೆ ಅವನ ಮೇಲೆ ಕೂಗಾಡಬಹುದಿತ್ತು.

‘ಅವರೇ ಹೇಳಿಲ್ಲ. ನೀವು ಹೇಳ್ತೀನಿ ಅಂತೀರಿ. ಯಾಕೆ ಮೇಡಂ?’

ಯಾಕೆ. ಆಕೆ ಉತ್ತರ ಹುಡುಕಿದಳು. ಬೆಳಿಗ್ಗೆ ಇತ್ತು, ಬಸ್ಸಿನಲ್ಲೂ ಇತ್ತು, ಯಾಕಮ್ಮನಿಗೆ ಎಂದು ಗಂಡನಿಗೆ ಪಟ್ಟನೆ ಹೇಳಿದ್ದಳಲ್ಲ. ಆದರೆ ಕಾಲು ಗಂಟೆಯ ಹಿಂದೆ ಅದೇ ಯಾಕಮ್ಮನಿಗೆ ಅವಳ ತಪ್ಪು ಇಂಥದೆಂದು ತಿದ್ದಿ ಕಳಿಸಿದ್ದಾಗಿದೆ, ಅವಳು ಒಪ್ಪಿ ಹೋದದ್ದಾಗಿದೆ. ಈ ಹಾಳೆಯಲ್ಲಿರುವುದು ಅದೇ ತಾನೆ? ಇನ್ನು ಹಾಕಲು ಉಳಿದದ್ದು ಸಹಿ ಮಾತ್ರ. ಭಯವೂ ಇತ್ತು. ಅದನ್ನು ಆಕೆ ತನ್ನಿಂದ ಮುಚ್ಚಿಟ್ಟುಕೊಳ್ಳಲಿಲ್ಲ; ಎಂಟು ತಿಂಗಳು, ಓಣಿಯ ಜನ, ಫೋಟೋ, ಎಲ್ಲವನ್ನೂ ಒಂದೊಂದಾಗಿ ಎಣಿಸಿಕೊಂಡಳು. ತನ್ನ ಬಗ್ಗೆ ಹೇಸಿಗೆಯಾಯಿತು. ಹೇಸಿಗೆಯಾದರೂ ಕೈ ಪೆನ್ನಿಗೆ ಹೋಯಿತು. ಸಹಿ ಎಂದಿಗಿಂತ ದುಂಡಗೆ ಬಂತು. ಸಾಹೇಬರು ‘ತುಂಬಾ ಥ್ಯಾಂಕ್ಸ್ ಮೇಡಂ’ ಎಂದು ಹಾಳೆ ಮಡಚದೆ ಫೈಲಿನೊಳಗೆ ಜಾರಿಸಿ, ಹೋಗುವಾಗ ಹಿಂದಿನ ಗೋಡೆಯ ಮುಂದೆ ಒಂದು ಗಳಿಗೆ ನಿಂತರು. ಫೋಟೋವನ್ನು ನೋಡಿದರೋ, ವಾಚಿನಲ್ಲಿ ಗಂಟೆ ನೋಡಿದರೋ, ಆಕೆಗೆ ಗೊತ್ತಾಗಲಿಲ್ಲ.

ಮೂರೂವರೆಗೆ ಹೊಸಬರು ಮೇಲೆ ಬಂದರು, ಟೀ ಕುಡಿದ ಬಿಸಿ ಮುಖಗಳು, ಮೆಟ್ಟಿಲ ಮೇಲಿನ ನಗು ಇನ್ನೂ ಮುಗಿದಿರಲಿಲ್ಲ. ಗೊಂಬೆಗೆ ಕೈ ಬಂದಿದೆ ಎಂದು ಮುಂದಿನ ಸಾಲಿನವಳೊಬ್ಬಳು ಪಕ್ಕದವಳಿಗೆ ತೋರಿಸಿದಳು. ಮೇಡಂ ಗೊಂಬೆಯನ್ನು ಎತ್ತಿಕೊಂಡಳು. ಅದನ್ನು ಎತ್ತಿದ ಕೂಡಲೇ ಎಡಗೈ ತಾನಾಗಿಯೇ ತಲೆಯ ಕೆಳಗೆ ಹೋಗುತ್ತದೆ, ಹೆಬ್ಬೆರಳು ಕಿವಿಯ ಹಿಂದೆ; ಹನ್ನೊಂದು ವರ್ಷದ ಅಭ್ಯಾಸ. ಬೆಳಿಗ್ಗೆ ನಿಲ್ಲಿಸಿದ್ದಲ್ಲಿಂದ ಪಾಠ ಮುಂದುವರಿಯಬೇಕಿತ್ತು. ಇಪ್ಪತ್ತೆರಡು ಪುಸ್ತಕ ತೆರೆದವು. ಮೂಲೆಯ ಒಬ್ಬಳು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಮೇಡಂ ಅವಳನ್ನೇ ನೋಡುತ್ತಾ ನಿಂತಳು, ತುಸು ಹೆಚ್ಚೇ ಹೊತ್ತು. ಆ ಹುಡುಗಿ ತಾನೇನು ತಪ್ಪು ಮಾಡಿದೆನೋ ಎಂದು ಸರಿಯಾಗಿ ಕೂತುಕೊಂಡಳು.

‘ಬರ್ಕೊಳ್ಳಿ,’ ಅಂದಳು ಮೇಡಂ. ‘ಮಗು ಸುಮ್ಮನಾಗಿದೆ ಅನ್ನಬಾರದು. ಮಂಕಾಗಿದೆ ಅನ್ನಬೇಕು.’

ಎಲ್ಲರೂ ತಲೆ ಬಗ್ಗಿಸಿ ಬರೆದುಕೊಂಡರು. ಆಕೆ ಕಾದಳು. ಫ್ಯಾನು ತಿರುಗುತ್ತಿತ್ತು, ಕೆಳಗೆ ಪೆಟ್ಟಿಗೆ ಇಳಿಸುತ್ತಿದ್ದರು. ಬರೆದು ಮುಗಿಸಿದವರು ಒಬ್ಬೊಬ್ಬರಾಗಿ ತಲೆ ಎತ್ತಿ, ಮುಂದಿನ ಮಾತಿಗೆ ಪೆನ್ನು ಹಿಡಿದು, ಆಕೆಯ ಮುಖ ನೋಡಿದರು. ಇನ್ನೂ ಸ್ವಲ್ಪ ಕಾದಳು. ಯಾಕೆ ಎಂದು ಒಬ್ಬಳೂ ಕೇಳಲಿಲ್ಲ.